ಅತ್ತೆಗೆ ಹೇಳಬೇಕಾದ ಮಾತು

ಮತ್ತೆ ಅದೇ ಚಪ್ಪಲಿ ಅಂಗಡಿ. ಗೋಡೆ ತುಂಬ ಹಳದಿ ಚಪ್ಪಲಿ ನೇತುಹಾಕಿಕೊಂಡು ಕೂತಿದ್ದ ಮುದುಕ ಈ ಸಲ ಇವರಿಬ್ಬರನ್ನೂ ಬಳಗದವರನ್ನು ಕಂಡ ಹಾಗೆ ಕಂಡು ತಲೆಯಾಡಿಸಿದ. ಬಹೀಜಾಳಿಗೆ ಮೈಯೆಲ್ಲ ಉರಿದುಹೋಯಿತು. ಮುಂದೆ ಹೋಗುತ್ತಿದ್ದ ಅವಳ ಗಂಡ ಜವಾದ್ ಮಾತ್ರ ಆ ಅಂಗಡಿಯನ್ನು ಹುಟ್ಟಿದಾಗಿನಿಂದ ನೋಡಿಯೇ ಇಲ್ಲದವನ ಹಾಗೆ ಕತ್ತು ಬಿಗಿಮಾಡಿಕೊಂಡು ಎಡಕ್ಕೆ ತಿರುಗಿದ. ಹೋದ ಸಲ ಬಲಕ್ಕೆ ತಿರುಗಿದ್ದ. ಅದರ ಹಿಂದಿನ ಸಲವೂ ಬಲಕ್ಕೇ. ಕಾಸಾಬ್ಲಾಂಕಾದ ಸರ್ವೆ ಇಲಾಖೆಯಲ್ಲಿ ಕೂತು ಊರೂರಿನ ನಕ್ಷೆ ಬರೆಯುವ ಮನುಷ್ಯ ಇವನು. ಹುಟ್ಟೂರು ಫೆಸ್‌ನ ಗಲ್ಲಿಗಳಲ್ಲಿ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಬಿಡು, ನೆಟ್ಟಗೆ ಹೋಗಿ ಮನೆ ಬಾಗಿಲು ತಟ್ಟುತ್ತೇನೆ ಎಂದು ಮದುವೆಯಾದಾಗಿನಿಂದ ಜಂಬ ಕೊಚ್ಚಿಕೊಂಡು ಬಂದವನು. ಕಣ್ಣಿಗೆ ಬಟ್ಟೆ ಕಟ್ಟಿದ್ದರೇ ವಾಸಿಯಿತ್ತೇನೋ ಎಂದುಕೊಂಡಳು. ಬಿಸಿಲು ಎಲ್ಲೋ ಮೇಲೆ, ಎರಡು ಗೋಡೆಗಳ ನಡುವಿನ ಸಂದಿಯಲ್ಲಿ, ದಾರದಷ್ಟು ಕಾಣುತ್ತಿತ್ತು. ಕೆಳಗೆ ಬರೀ ಸೆಖೆ, ಹಸಿ ತೊಗಲಿನ ವಾಸನೆ, ಜನ.

"ಯಾರನ್ನಾದ್ರೂ ಕೇಳೋ ಪುಣ್ಯಾತ್ಮ," ಎಂದಳು ಹಿಂದಿನಿಂದ.

"ನನ್ನೂರಲ್ಲಿ ನಾನು ದಾರಿ ಕೇಳ್ಬೇಕಾ?" ಅವನು ಹಿಂತಿರುಗಿಯೂ ನೋಡಲಿಲ್ಲ.

"ನಿನ್ನೂರೇ ಆಗಿದ್ರೆ ಇಷ್ಟೊತ್ತಿಗೆ ದರ್ಗಾ ಸಿಕ್ಕಿರ್ತಿತ್ತು. ಅಲ್ಲಿ ನಿನ್ನ ಸೋದರತ್ತೆ ಕಾಯ್ತಾ ಕೂತಿದಾರೆ."

"ಬಂದೇಬಿಡ್ತು. ಈ ತಿರುವು ದಾಟಿದ್ರೆ ಆಯ್ತು."

ಆ ತಿರುವು ದಾಟಿದರೆ ಇನ್ನೊಂದು ತಿರುವು. ದಾರಿ ದಾರಿ ಎಂದು ಯಾರೋ ಕಿರುಚಿದರು. ಗ್ಯಾಸ್ ಸಿಲಿಂಡರ್ ಹೇರಿಕೊಂಡ ಹೇಸರಗತ್ತೆಯೊಂದು ಇಳಿಜಾರಿನಲ್ಲಿ ಬರುತ್ತಿತ್ತು. ಬಹೀಜಾ ಗೋಡೆಗೆ ಒತ್ತಿಕೊಂಡು ನಿಂತಳು. ಕತ್ತೆಯ ಬೆವತ ಪಕ್ಕೆ ಅವಳ ಹೊಟ್ಟೆಯನ್ನು ಸವರಿಕೊಂಡು ಹೋಯಿತು, ಹೊಸ ಜಿಲಾಬದ, ಆ ಉದ್ದ ನಿಲುವಂಗಿಯ ಮೇಲೆ ಒದ್ದೆ ಗೀಟು ಉಳಿಯಿತು. ಈ ಜಿಲಾಬವನ್ನು ಅವಳು ಅತ್ತೆಗೋಸ್ಕರವೇ ಹೊಲಿಸಿದ್ದು. ಅತ್ತೆ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಕಾಸಾಬ್ಲಾಂಕಾ ದರ್ಜಿಗಳು ಪಾಪ ಇಷ್ಟಾದ್ರೂ ಹೊಲೀತಾರಲ್ಲ" ಎಂದಿದ್ದಳು. ಜವಾದ್ ಆಗಲೂ ಅಲ್ಲೇ ಕೂತಿದ್ದ. ಚಹಾದಲ್ಲಿ ತೇಲುತ್ತಿದ್ದ ಪುದೀನ ಎಲೆಯನ್ನು ಚಮಚದಿಂದ ಅದುಮಿ ಮುಳುಗಿಸುವುದರಲ್ಲಿ ಮಗ್ನನಾಗಿದ್ದ.

ಅಷ್ಟರಲ್ಲಿ ಗಲ್ಲಿಯಲ್ಲಿ ಬಿಳಿ ಟೋಪಿಯ ಗಂಡಸೊಬ್ಬ ಜವಾದ್‌ನ ಪಕ್ಕಕ್ಕೆ ಬಂದು ಅಂಟಿಕೊಂಡು ಫ್ರೆಂಚಿನಲ್ಲಿ ಶುರುಮಾಡಿದ. ಸ್ವಾಮಿ, ದಾರಿ ತಪ್ಪಿದ್ದೀರಿ, ತೊಗಲು ಹದಮಾಡುವ ಕೊಳ ನೋಡಬೇಕೆ, ಒಳ್ಳೆಯ ಹೋಟೆಲ್ ಬೇಕೆ? ಜವಾದ್‌ನ ಕಿವಿ ಕೆಂಪಗಾದದ್ದು ಬಹೀಜಾಳಿಗೆ ಹಿಂದಿನಿಂದಲೇ ಕಂಡಿತು. ಅವನು ನಿಂತು, ಫೆಸ್‌ನ ಹಳೆಮನೆಗಳವರು ಮಾತ್ರ ಆಡುವ ಆ ಮೆತ್ತಗಿನ ಉಚ್ಚಾರದಲ್ಲಿ, "ನಾನು ಇಲ್ಲಿಯವನೇ ಕಣಯ್ಯ, ನಿನ್ನ ಕೆಲಸ ನೋಡ್ಕೋ ಹೋಗು" ಎಂದ.

ಆ ಮನುಷ್ಯನ ಮುಖ ಅರಳಿತು. "ಅಬ್ಬಾ! ನಮ್ಮ ಭಾಷೆ ಎಷ್ಟು ಚೆನ್ನಾಗಿ ಕಲ್ತಿದೀರಿ ಸ್ವಾಮಿ! ಪ್ಯಾರಿಸ್ಸಿನಲ್ಲಿ ಕಲಿಸ್ತಾರಾ?"

ಬಹೀಜಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಕೂಡಲೇ, ನಗಬಾರದಿತ್ತು ಅನ್ನಿಸಿತು. ಅವನ ಹೆಗಲು ಒಂದಿಷ್ಟು ಕುಸಿದು, ಮತ್ತೆ ಬಲವಂತವಾಗಿ ಮೇಲೆದ್ದಿತು. ಅವಳು ಅವನನ್ನು ಪ್ರೀತಿಸಿದ್ದೇ ಆ ಕುಸಿಯುವ ಹೆಗಲಿಗಾಗಿ. ಅದನ್ನು ಮೇಲೆತ್ತಿ ನಿಲ್ಲಿಸುವ ಈ ಹೊಸ ಗಂಡಸನ್ನು ಮಾತ್ರ ಅವಳು ಕಂಡಿರಲಿಲ್ಲ. ಕಾಸಾಬ್ಲಾಂಕಾದ ಕಡಲದಂಡೆಯಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ನಡೆಯುತ್ತಿದ್ದರು, ಮುಖ ನೋಡಿ ಮಾತಾಡುತ್ತಿದ್ದರು. ಇಲ್ಲಿಗೆ ಬಂದಾಗಿನಿಂದ ಅವಳು ನೋಡಿದ್ದೆಲ್ಲ ಅವನ ಬೆನ್ನು. ಬೆನ್ನಿಗೆ ಏನು ಹೇಳಿದರೂ ಅದು ಕೇಳಿಸಿಕೊಳ್ಳುವುದಿಲ್ಲ.

ರೈಲಿನಲ್ಲಿ ಅವನು ಹೀಗಿರಲಿಲ್ಲ. ರೈಲಿನಲ್ಲಿ ಅವಳ ಕೈ ಹಿಡಿದುಕೊಂಡು, ಕಿಟಕಿಯಾಚೆ ಓಡುತ್ತಿದ್ದ ಆಲಿವ್ ತೋಪುಗಳನ್ನು ನೋಡುತ್ತ, "ಹೋದ ದಿನಾನೇ ಅತ್ತೆಗೆ ಹೇಳಿಬಿಡ್ತೀನಿ" ಎಂದಿದ್ದ. "ಮಗು ಆಗದೆ ಇರೋದು ನನ್ನಿಂದ ಅಂತ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ. ಅವಳು ಸಾಕಿದ್ದು ನನ್ನ, ನನ್ನ ಬಾಯಿಂದಲೇ ಕೇಳ್ಬೇಕು." ತಾಯಿಯಿಲ್ಲದ ಹುಡುಗನನ್ನು ಮಡಿಲಿಗೆ ಹಾಕಿಕೊಂಡು, ಮೀಸೆ ಮೂಡುವವರೆಗೆ ಸಾಕಿದ ಸೋದರತ್ತೆ ಲಲ್ಲಾ ಬತೂಲ್. ಫೆಸ್‌ನ ಹೊರಗಿನ ಹುಡುಗಿಯನ್ನು ತಂದ ಎಂದು ಮದುವೆಗೂ ಬರದೆ, ಇಷ್ಟು ವರ್ಷ ಫೋನಿನಲ್ಲಿ ಬಹೀಜಾಳ ಹೆಸರನ್ನೂ ಎತ್ತದೆ ಕೂತಿದ್ದವಳು ಈಗ ತಾನಾಗಿಯೇ ಕರೆದಿದ್ದಳು, ಅವಳನ್ನೂ ಕರ್ಕೊಂಡು ಬಾ, ನೋಡೋಣ ಅಂತ. ಆ ನೋಡೋಣದಲ್ಲಿ ಏನಿದೆ ಎಂಬುದು ಬಹೀಜಾಳಿಗೆ ಗೊತ್ತಿತ್ತು. ಹಿಂದೆ ಕಾಸಾಬ್ಲಾಂಕಾದಲ್ಲಿ ಡಾಕ್ಟರು ಎರಡು ವರದಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು, ಅವಳದನ್ನು ಮಡಿಸಿ ಪಕ್ಕಕ್ಕೆ ಸರಿಸಿ, ಅವನದರ ಮೇಲೆ ಬೆರಳಿಟ್ಟು ಮಾತಾಡಿದ್ದರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಜವಾದ್, "ಹೋಗ್ಲಿ ಬಿಡು, ನಿದ್ದೆಯಾದ್ರೂ ನೆಟ್ಟಗೆ ಮಾಡಬಹುದು" ಎಂದು ನಕ್ಕಿದ್ದ. "ನಮಗೆ ನಾವೇ ಸಾಕು" ಎಂದು ಅವಳೂ ನಕ್ಕಿದ್ದಳು. ಆಮೇಲೆ ಆ ಮಾತು ಮನೆಯೊಳಗೆ ಬಂದಿರಲಿಲ್ಲ. ಅವಳ ತಾಯಿ ಕೇಳಿದಾಗಲೂ, ಊನ ನನ್ನದು ಅಂತ ಸುಳ್ಳು ಹೇಳಿದ್ದಳು. ಆ ಮುದುಕಿ ಮಗಳಿಗಾಗಿ ಅಂದಿನಿಂದ ವಾರ ವಾರವೂ ಉಪವಾಸ ಹಿಡಿದು ಮೈ ಇಳಿಸಿಕೊಂಡಿದ್ದಾಳೆ. ತಾಯಿಯ ಫೋನ್ ಬಂದರೆ ಬಹೀಜಾ ಬೇಗ ಬೇಗ ಮಾತು ಮುಗಿಸಿಬಿಡುತ್ತಾಳೆ. ಆದರೂ ಗಂಡನ ಮಾನ ತಾನು ಕಾಯುತ್ತಿದ್ದೇನೆ ಎಂಬುದರಲ್ಲಿ ಒಂದು ಹೆಮ್ಮೆಯೂ ಇದೆ, ಆ ಹೆಮ್ಮೆಯನ್ನು ಯಾರಿಗೂ ಬಿಟ್ಟುಕೊಡಲು ತನಗೆ ಮನಸ್ಸಿಲ್ಲ ಎಂಬುದೂ ಅವಳಿಗೆ ಗೊತ್ತು.

ಬಂದ ಸಂಜೆಯೇ ಲಲ್ಲಾ ಬತೂಲ್ ಅವಳ ಮಣಿಕಟ್ಟು ಹಿಡಿದು ನೋಡಿದಳು. "ಅಯ್ಯೋ, ಕೈ ಎಷ್ಟು ತಣ್ಣಗಿದೆಯೇ ಹುಡುಗಿ! ಥಂಡಿ ಹೊಕ್ಕಿದೆ ಒಳಗೆ. ಥಂಡಿ ಹೊಕ್ಕ ಮೈಯಲ್ಲಿ ಏನು ತಾನೇ ನಿಲ್ಲುತ್ತೆ? ಕಡಲ ಗಾಳೀಲಿ ಹುಟ್ಟಿದವರ ಹಣೆಬರಹವೇ ಇಷ್ಟು." ಬಹೀಜಾ ಗಂಡನ ಕಡೆ ನೋಡಿದಳು. ಈಗ ಹೇಳು, ಇದಕ್ಕಿಂತ ಒಳ್ಳೆ ಗಳಿಗೆ ಬೇಕಾ? ಜವಾದ್ ಗಂಟಲು ಸರಿಮಾಡಿಕೊಂಡ. "ಅತ್ತೆ," ಎಂದ. "ಏನೋ ಕಂದ?" "ಖ್ಲೀ ಇನ್ನೊಂಚೂರು ಇದೆಯಾ?" ಕೊಬ್ಬಿನಲ್ಲಿ ಒಣಗಿಸಿಟ್ಟ ಆ ಮಾಂಸವನ್ನು ಅತ್ತೆ ಮೊಟ್ಟೆಯ ಜೊತೆ ಮತ್ತೆ ಬಡಿಸಿದಳು, ಅವನು ಮತ್ತೆ ತಿಂದ. ಆ ಊಟ ಮುಗಿಯುವುದರೊಳಗೆ ಬಹೀಜಾ ಅವನನ್ನು ಎಷ್ಟು ಸಲ ಮನಸ್ಸಿನಲ್ಲೇ ಕೊಂದಳೋ ದೇವರಿಗೇ ಗೊತ್ತು. ಮಾರನೆಯ ದಿನ ಅತ್ತೆ ಅವಳನ್ನು ಹಮ್ಮಾಮಿಗೆ ಎಳೆದೊಯ್ದಳು. ಆವಿ ತುಂಬಿದ ಆ ಸ್ನಾನದ ಮನೆಯಲ್ಲಿ ಬೆತ್ತಲೆ ಕೂರಿಸಿ, ಮೈ ಉಜ್ಜುವವಳನ್ನೂ ಪಕ್ಕದ ಮನೆಯವಳನ್ನೂ ಕರೆದು, "ನೋಡ್ರಮ್ಮ, ಸೊಂಟ ಏನೋ ಅಗಲವಾಗೇ ಇದೆ, ಅಲ್ವಾ? ನೆಲ ಒಳ್ಳೇದೇ. ಮತ್ತೆ ಯಾಕೆ ಬೆಳೆ ಇಲ್ಲ?" ಎಂದು ಕೇಳಿದಳು. ಪಕ್ಕದ ಮನೆಯವಳು ಬಹೀಜಾಳ ಕಿಬ್ಬೊಟ್ಟೆಯ ಮೇಲೆ ಬಿಸಿ ಅಂಗೈ ಒತ್ತಿ, ಇಲ್ಲೇ ಇದೆ ಗಂಟು ಎಂದಳು. ಬೆತ್ತಲೆ ಕೂತವಳಿಗೆ ಎದ್ದು ಹೋಗುವ ಮರ್ಯಾದೆಯೂ ಇರುವುದಿಲ್ಲ. ನೆಲದ ಕಲ್ಲಿನ ಮೇಲೆ ಸಾಬೂನಿನ ನೊರೆ ಹರಿಯುವುದನ್ನು ನೋಡುತ್ತ, ಅದು ನನ್ನ ಗಂಡನದು, ನನ್ನದಲ್ಲ ಎಂಬ ವಾಕ್ಯವನ್ನು ಬಾಯೊಳಗೆ ಹೊರಳಾಡಿಸುತ್ತ, ಅವಳು ಕೂತೇ ಇದ್ದಳು.

ಇವತ್ತು ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಅವನನ್ನು ಹಿಡಿದು ನಿಲ್ಲಿಸಿದ್ದಳು.

"ಹೇಳಿದ್ಯಾ?"

"ಹೇಳ್ತೀನಿ. ಸಮಯ ನೋಡ್ತಿದೀನಿ."

"ಸಮಯಕ್ಕೇನು, ಪಂಚಾಂಗ ನೋಡ್ಬೇಕಾ? ಅವರು ನನ್ನ ದನದ ಹಾಗೆ ಸವರಿ ನೋಡಿದ್ರು, ಗೊತ್ತಾ?"

"ನಿಧಾನ ಮಾತಾಡು, ಕೆಳಗೆ ಕೇಳ್ಸುತ್ತೆ."

"ಕೇಳ್ಸಲಿ! ನಿನ್ನ ಕೆಲಸಾನೂ ಮುಗಿಯುತ್ತೆ."

ಅವನು ಒದ್ದೆ ಬಟ್ಟೆಯೊಂದನ್ನು ಎತ್ತಿಕೊಂಡು ತಿರುಚಿದ, ಮತ್ತೆ ಬಿಡಿಸಿದ, ಮತ್ತೆ ತಿರುಚಿದ. "ಇವತ್ತು ಹೇಳ್ತೀನಿ. ದರ್ಗಾದಿಂದ ಬಂದ ಮೇಲೆ. ಆಣೆ." ಕೆಳಗಿನ ಅಂಗಳದಿಂದ ಅತ್ತೆ ಕೂಗಿದಳು, ನನ್ನ ಮಂಡಿ ನಿಮ್ಮ ಜೊತೆ ಓಡಲ್ಲ, ನಾನು ಮುಂದೆ ಹೋಗಿರ್ತೀನಿ, ಮೋಂಬತ್ತಿ ಅಂಗಡಿ ಹತ್ರ ಬನ್ನಿ, ದಾರಿ ಗೊತ್ತಲ್ಲ? ಗೊತ್ತಿಲ್ಲದೆ ಏನು ಎಂದು ಜವಾದ್ ತಾರಸಿಯಿಂದಲೇ ಕೂಗಿ ಹೇಳಿದ.

ಕೊನೆಗೆ ದಾರಿ ತೋರಿಸಿದ್ದು ಕತ್ತೆಗಳು. ಗಲ್ಲಿಗೆ ಅಡ್ಡವಾಗಿ ಎದೆಮಟ್ಟಕ್ಕೆ ಹಾಕಿದ್ದ ಮರದ ತೊಲೆಯೊಂದರ ಮುಂದೆ ಅವುಗಳನ್ನು ನಿಲ್ಲಿಸಿ ಹೊರೆ ಇಳಿಸುತ್ತಿದ್ದರು. ಸಂತ ಮೌಲಾಯ್ ಇದ್ರೀಸರ ದರ್ಗಾದ ಎಲ್ಲೆ ಅದು, ಅದರಾಚೆ ಹೊರೆಪ್ರಾಣಿ ಹೋಗುವಂತಿಲ್ಲ. ಮನುಷ್ಯರು ಬಗ್ಗಿ ಹೋಗಬೇಕು. "ನೋಡಿದ್ಯಾ, ಹೇಳಿದ್ನಲ್ಲ" ಎಂದು ಜವಾದ್ ತೊಲೆಯ ಕೆಳಗೆ ಬಗ್ಗಿದ. ಬಹೀಜಾ ಜಿಲಾಬದ ಅಂಚು ಎತ್ತಿಕೊಂಡು ಅವನ ಹಿಂದೆಯೇ ಬಗ್ಗಿದಳು. ಬಾಯಿ ತೆರೆದಿದ್ದರೆ ಎಲ್ಲೆಯೊಳಗೆ ಆಡಬಾರದ ಮಾತು ಬರುತ್ತಿತ್ತು.

ಮೋಂಬತ್ತಿ, ಸಕ್ಕರೆ ಮಿಠಾಯಿ, ಊದುಬತ್ತಿಗಳ ಅಂಗಡಿಸಾಲಿನ ನಡುವೆ ಲಲ್ಲಾ ಬತೂಲ್ ಮೋಂಬತ್ತಿ ಮಾರುವವನ ಮಣೆಯನ್ನೇ ಕಸಿದುಕೊಂಡು ಕೂತಿದ್ದಳು. ಬಿಳಿ ಜಿಲಾಬದ ಆ ದಪ್ಪ ಹೆಂಗಸಿನ ಬದಿಯಲ್ಲಿ ಅಂಗಡಿಯವನೇ ನಿಂತುಕೊಂಡು ವ್ಯಾಪಾರ ಮಾಡುತ್ತಿದ್ದ.

"ಎಲ್ಲಿ ಹಾಳಾಗಿ ಹೋಗಿದ್ರೋ ಇಷ್ಟು ಹೊತ್ತು? ನಮಾಜಿನ ಬಾಂಗ್ ಆಗೋ ಹೊತ್ತಾಯ್ತು!"

"ಇವಳು ಅಂಗಡಿ ಅಂಗಡಿ ಹತ್ರ ನಿಂತ್ಕೊಂಡ್ಲು ಅತ್ತೆ," ಎಂದ ಜವಾದ್. ಒಂದು ಕ್ಷಣವೂ ಯೋಚಿಸಲಿಲ್ಲ. ಕಣ್ಣೂ ಮಿಟುಕಿಸಲಿಲ್ಲ.

ಬಹೀಜಾ ಅವನ ಮುಖ ನೋಡಿದಳು. ಬೆಳಗಿನಿಂದ ಮೊದಲ ಸಲ ಅವನ ಮುಖ ನೇರವಾಗಿ ಸಿಕ್ಕಿತ್ತು, ಅದು ಸಿಕ್ಕಿದ್ದು ಹೀಗೆ. ಇಷ್ಟು ಸಣ್ಣ ಸುಳ್ಳು. ದಾರಿ ತಪ್ಪಿದೆ ಎಂದು ಒಪ್ಪಿಕೊಂಡರೆ ಇವನ ಗಂಟೇನು ಹೋಗುತ್ತಿತ್ತು? ಅದಿರಲಿ, ಇದನ್ನೇ ಒಪ್ಪಿಕೊಳ್ಳಲಾರದವನು ಅದನ್ನು ಯಾವ ಬಾಯಲ್ಲಿ ಒಪ್ಪಿಕೊಳ್ಳುತ್ತಾನೆ? ಇವತ್ತೂ ಹೇಳುವುದಿಲ್ಲ, ನಾಳೆಯೂ ಹೇಳುವುದಿಲ್ಲ, ರೈಲು ಹತ್ತುವಾಗ ಮುಂದಿನ ಸಲ ಖಂಡಿತ ಎನ್ನುತ್ತಾನೆ. ತಾನು ಮುದುಕಿಯಾಗಿ ಸತ್ತಮೇಲೂ ಈ ಅತ್ತೆ ಗೋರಿಯ ಮಣ್ಣು ಮುಟ್ಟಿ ನೋಡಿ, ತಣ್ಣಗಿದೆಯಲ್ಲ ಎನ್ನುತ್ತಾಳೆ.

"ಬಾರೇ, ಬಾ. ಇಲ್ಲಿ ಕೈ ಹಾಕು," ಎಂದು ಅತ್ತೆ ಗೋಡೆಯ ಕಡೆ ಕೈ ತೋರಿಸಿದಳು. ದರ್ಗಾದ ಹೊರಗೋಡೆಯಲ್ಲಿ, ಹಿತ್ತಾಳೆಯ ತಗಡಿನ ನಡುವೆ, ತಲತಲಾಂತರದ ಕೈಗಳು ತಾಗಿ ಸವೆದು ನುಣ್ಣಗಾದ ತೂತು. ಅದರ ಮುಂದೆ ಹೆಂಗಸರ ಸಾಲು. ಒಬ್ಬೊಬ್ಬಳೂ ಕೈ ಒಳಗಿಟ್ಟು, ಬಾಯೊಳಗೇ ಏನೋ ಬೇಡಿಕೊಂಡು, ಬೆರಳಿಗೆ ಮುತ್ತಿಟ್ಟುಕೊಂಡು ಹೋಗುತ್ತಿದ್ದಳು. "ಮೊಣಕೈವರೆಗೂ ಹಾಕು. ಥಂಡಿ ಎಲ್ಲ ಅವನೇ ಎಳ್ಕೋತಾನೆ, ಒಳಗೆ ಮಲಗಿರೋ ಆ ಪುಣ್ಯವಂತ."

"ನಾನು ಹಾಕಲ್ಲ," ಎಂದಳು ಬಹೀಜಾ.

ಮೋಂಬತ್ತಿ ಅಂಗಡಿಯವನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ. "ಹಾಕಲ್ಲ ಅಂದ್ರೆ?" ಎಂದಳು ಅತ್ತೆ. "ಹಾಕಲ್ಲ ಅಂದ್ರೆ ಏನೇ? ಮಗು ಬೇಡ್ವಾ ನಿನಗೆ?"

ಬಹೀಜಾ ಜವಾದ್‌ನನ್ನೇ ನೋಡುತ್ತ ನಿಂತಳು. ಇದು ಕೊನೆ, ಇನ್ನು ನಾನು ನಿನಗೆ ಸಮಯ ಕೊಡುವುದಿಲ್ಲ ಎಂದು ಕಣ್ಣಿನಲ್ಲೇ ಹೇಳಿದಳು. ಅದು ಅವನಿಗೆ ಅರ್ಥವಾಯಿತು ಎಂಬುದೂ ಅವಳಿಗೆ ಕಂಡಿತು. ಅವನ ತುಟಿ ಅಲ್ಲಾಡಿತು.

"ಹಾಕಿಬಿಡು ಬಹೀಜಾ," ಎಂದ ಮೆಲ್ಲಗೆ. "ಏನು ಕಳ್ಕೋತೀಯ?"

ಅವಳು ಬೆನ್ನು ತಿರುಗಿಸಿ ನಡೆದಳು. ನಾಲ್ಕು ಅಂಗಡಿಯಾಚೆ ಮಿಠಾಯಿಯವನ ಮುಂದೆ ಹೋಗಿ ನಿಂತು, ಜೇನುನೊಣ ಮುತ್ತಿದ ಬಾದಾಮಿ ಬಿಲ್ಲೆಗಳನ್ನು ಕಣ್ಣು ನೋಯುವವರೆಗೆ ನೋಡಿದಳು. ಎಷ್ಟು ಕೊಡಲಿ ಎಂದು ಅವನು ಕೇಳಿದ. ಬೇಡ ಎಂದಳು. ಹಾಗಾದರೆ ಪಕ್ಕಕ್ಕೆ ನಿಲ್ಲಮ್ಮ ಎಂದ. ಅಳು ಬರುವುದಿಲ್ಲವಲ್ಲ ಎಂಬುದೇ ಅವಳನ್ನು ರೇಗಿಸಿತು. ಒಬ್ಬಳೇ ರೈಲು ಹತ್ತಿಬಿಡಬಹುದು. ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸವಿದೆ, ಯಾರ ಹಂಗೂ ಇಲ್ಲ. ಆದರೆ ಈ ಸುಡುಗಾಡು ಊರಿನಲ್ಲಿ ರೈಲು ನಿಲ್ದಾಣಕ್ಕೆ ಹೋಗುವುದು ಹೇಗೆ? ಅದಕ್ಕೂ ದಾರಿ ಕೇಳಬೇಕು. ಹಿಂದೆ ಅತ್ತೆಯ ದನಿ ಏರುತ್ತಿತ್ತು, ಇಂಥ ಹಟಮಾರಿ ಹೆಣ್ಣನ್ನ ಎಲ್ಲಿಂದ ಹುಡುಕ್ಕೊಂಡು ಬಂದೆಯೋ ಅಂತ. ಜವಾದ್‌ನ ಉತ್ತರ ಕೇಳಿಸಲಿಲ್ಲ. ಉತ್ತರ ಕೊಡದೆ ಎಲ್ಲಿ ಜಾರಿಕೊಂಡ ಎಂದು ನೋಡಲು ಅವಳು ತಿರುಗಿದಳು.

ಅವನು ಹೆಂಗಸರ ಸಾಲಿನ ತುದಿಯಲ್ಲಿದ್ದ. ಗೋಡೆಗೆ ಕೆನ್ನೆ ಒತ್ತಿಕೊಂಡು ನಿಂತಿದ್ದ. ಅವನ ಬಲಗೈ ಆ ತೂತಿನೊಳಗೆ ಮೊಣಕೈ ಹತ್ತಿರದವರೆಗೆ ಹೋಗಿತ್ತು, ಕಣ್ಣು ಮುಚ್ಚಿತ್ತು, ತುಟಿಗಳು ಅಲ್ಲಾಡುತ್ತಿದ್ದವು.

"ಏನಪ್ಪಾ, ಸಾಕು, ಆಚೆ ಸರಿ!" ಹಿಂದಿದ್ದ ಹಳ್ಳಿ ಹೆಂಗಸೊಬ್ಬಳು ಅವನ ಬೆನ್ನು ತಟ್ಟಿದಳು. "ಹೆಂಡ್ತಿಗೋಸ್ಕರ ಹಾಕ್ತಿದೀಯಾ? ಅದು ನಡೆಯಲ್ಲಪ್ಪ. ಊನ ಯಾರದೋ ಅವರೇ ಹಾಕ್ಬೇಕು."

"ಅದಕ್ಕೇ ಹಾಕ್ತಿರೋದು ತಾಯಿ," ಎಂದ ಜವಾದ್ ಕಣ್ಣು ಬಿಡದೆ. "ಊನ ನನ್ನದೇ. ಅವಳದೇನೂ ಇಲ್ಲ. ಮಗು ಆಗದೆ ಇರೋದು ನನ್ನಿಂದ."

ಅವನು ಮೆಲ್ಲಗೆ ಹೇಳಿರಲಿಲ್ಲ. ಆ ಕಿರಿದಾದ ಗಲ್ಲಿಯಲ್ಲಿ ಅದು ಮಿಠಾಯಿಯವನಿಗೂ ಕೇಳಿಸಿತು. ಅಯ್ಯೋ ದೇವರೇ ಎಂದುಕೊಂಡಳು ಬಹೀಜಾ. ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಒಬ್ಬಳೇ ಒಬ್ಬ ಮುದುಕಿಗೆ ಹೇಳಲಾರದವನು ಇಡೀ ಸಂತೆಗೆ ಸಾರಿಬಿಟ್ಟನಲ್ಲ! ಇಷ್ಟು ವರ್ಷ ಅವಳು ಬಯಸಿದ್ದ ಮಾತು ಅದೇ, ಅಕ್ಷರ ಅಕ್ಷರವೂ ಅದೇ. ಆದರೆ ಹಗುರವೇನೂ ಆಗಲಿಲ್ಲ. ಅವಳ ಕಣ್ಣು ಆ ಮುಚ್ಚಿದ ಕಣ್ಣುಗಳ ಮೇಲೆ, ಅಲ್ಲಾಡುವ ತುಟಿಗಳ ಮೇಲೆ ನೆಟ್ಟಿತ್ತು. ಇವನಿಗೆ ಮಗು ಬೇಕಿತ್ತು. ಮೆಟ್ಟಿಲ ಮೇಲೆ ನಿಂತು ನಕ್ಕಾಗಲೂ ಬೇಕಿತ್ತು. ನಮಗೆ ನಾವೇ ಸಾಕು ಎಂದು ತಾನು ಹೇಳಿದ್ದನ್ನು ಇವನು ನಂಬಿದ್ದ, ನಿದ್ದೆ ಮಾಡಬಹುದು ಎಂದು ಇವನು ಹೇಳಿದ್ದನ್ನು ತಾನು ನಂಬಿದ್ದಳು. ಅವಳಿಗೂ ಮಗು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಆ ಆಸೆಯನ್ನು ಅವನ ಮುಂದೆ ತೋರಿಸಬಾರದು ಎಂದು ಬಚ್ಚಿಟ್ಟು ಬಚ್ಚಿಟ್ಟು ಎಲ್ಲಿಟ್ಟೆ ಎಂಬುದನ್ನೇ ಮರೆತಿದ್ದಳು.

ಲಲ್ಲಾ ಬತೂಲ್ ಮಣೆಯಿಂದ ಎದ್ದು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಬಹಳ ಹೊತ್ತು ಅಣ್ಣನ ಮಗನ ಬೆನ್ನನ್ನೇ ನೋಡಿ, ಆಮೇಲೆ ತಿರುಗಿ, ಹುಡುಕಿ, ಬಹೀಜಾಳ ಮೇಲೆ ಹರಿಹಾಯ್ದಳು. "ನೀನ್ಯಾಕೆ ನನಗೆ ಹೇಳ್ಲಿಲ್ವೇ? ಬಾಯಿ ಇರ್ಲಿಲ್ವಾ ನಿನಗೆ? ಆ ಹಮ್ಮಾಮಿನಲ್ಲಿ ನಿನ್ನ ಕೂರಿಸ್ಕೊಂಡು ನಾನು ಏನೆಲ್ಲ ಅಂದೆ... ನನ್ನ ಕೈಲಿ ಅಷ್ಟು ಪಾಪ ಮಾಡಿಸ್ಬೇಕಾಗಿತ್ತಾ ನೀನು?"

ಸರಿ, ಇದೂ ನನ್ನ ತಪ್ಪೇ. ಬಹೀಜಾ ಬಾಯಿ ತೆರೆದಳು.

"ಅವಳನ್ನ ಬೈಬೇಡ ಅತ್ತೆ!" ಗೋಡೆಯ ಕಡೆಯಿಂದ ಜವಾದ್ ಕೂಗಿದ. "ಹೇಳಬೇಡ ಅಂತ ಬಾಯಿ ಕಟ್ಟಿದ್ದು ನಾನು. ಬೈಯೋದಿದ್ರೆ ನನಗೆ ಬೈಯಿ."

"ಬೈತೀನಿ! ಇಲ್ಲಿ ಬಾರೋ ಮೊದಲು!"

"ಬರಕ್ಕಾಗ್ತಿಲ್ಲ ಅತ್ತೆ. ಕೈ ಸಿಕ್ಕಾಕ್ಕೊಂಡಿದೆ."

ಅವನು ಕೈ ಎಳೆದ. ಬರಲಿಲ್ಲ. ಒಳಗೆ ಕೈಗಡಿಯಾರದ ಪಟ್ಟಿ ಹಿತ್ತಾಳೆಯ ಅಂಚಿಗೆ ಕಚ್ಚಿಕೊಂಡಿತ್ತು. ಸಾಲಿನಲ್ಲಿದ್ದ ಹೆಂಗಸರು ಮೊದಲು ಗಾಬರಿಯಾದರು, ಆಮೇಲೆ ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ. ಎಣ್ಣೆ ಹಚ್ಚಿ ಅಂದಳು ಒಬ್ಬಳು. ಪುಣ್ಯವಂತರು ಬಿಡಲ್ಲ ಅಂತಿದಾರೆ ಅಂದಳು ಇನ್ನೊಬ್ಬಳು. ಅವನು ತಿರುಗಿ, ಆ ಗುಂಪಿನಲ್ಲಿ ಬಹೀಜಾಳನ್ನು ಹುಡುಕಿದ. ಅವನ ಹೆಗಲು ಪೂರಾ ಕುಸಿದುಹೋಗಿತ್ತು. ಅದನ್ನು ಎತ್ತಿ ನಿಲ್ಲಿಸಲು ಅವನು ಹೋಗಲಿಲ್ಲ.

"ಗಡಿಯಾರ ಬಿಚ್ಚೋಕೂ ಬುದ್ಧಿ ಬೇಡ್ವಾ ಮನುಷ್ಯನಿಗೆ?" ಎನ್ನುತ್ತ ಬಹೀಜಾ ಹೆಂಗಸರನ್ನು ಸರಿಸಿಕೊಂಡು ಹೋದಳು. "ಅಲ್ಲಾಡಬೇಡ. ಎಳೀಬೇಡ, ಚರ್ಮ ಕಿತ್ತು ಬರುತ್ತೆ." ತೂತಿನಲ್ಲಿ ಎರಡು ಕೈಗೆ ಸಲೀಸಾಗಿ ಜಾಗವಿರಲಿಲ್ಲ. ಅವಳು ಜಿಲಾಬದ ತೋಳು ಮಡಿಸಿಕೊಂಡು, ಅವನ ಕೈಯ ಬದಿಯಲ್ಲೇ ತನ್ನ ಕೈ ತುರುಕಿದಳು. ಒಳಗೆ ಕತ್ತಲೆ, ಕಲ್ಲಿನ ತಂಪು. ಬೆರಳುಗಳು ತಡಕಾಡಿ ಪಟ್ಟಿಯ ಕೊಂಡಿ ಹಿಡಿದವು. ಅವನ ಮುಖ ಅವಳ ಮುಖಕ್ಕೆ ಗೇಣು ದೂರದಲ್ಲಿತ್ತು, ಕಣ್ಣಲ್ಲಿ ನೀರಿತ್ತು.

"ಬೇಕಿತ್ತು ಅಂತ ನನಗೆ ಯಾಕೋ ಹೇಳ್ಲಿಲ್ಲ ನೀನು?" ಎಂದಳು ಅವಳು. "ಅತ್ತೆ ಹಾಳಾಗಿ ಹೋಗ್ಲಿ. ನನಗೆ?"

"ನೀನೂ ಹೇಳ್ಲಿಲ್ಲ," ಎಂದ ಅವನು.

ಕೊಂಡಿ ಬಿಟ್ಟುಕೊಂಡಿತು. ಗಡಿಯಾರ ಅವಳ ಅಂಗೈಗೆ ಜಾರಿತು. ಈಗ ಇಬ್ಬರೂ ಕೈ ಹೊರಗೆ ತೆಗೆಯಬಹುದಿತ್ತು. ಒಳಗೆ, ಆ ಕತ್ತಲೆಯಲ್ಲಿ, ಅವನ ಬೆರಳುಗಳು ಅವಳ ಬೆರಳುಗಳನ್ನು ಹಿಡಿದುಕೊಂಡವು. ಅವಳು ಬಿಡಿಸಿಕೊಳ್ಳಲಿಲ್ಲ.

"ಬೇಗ ಆಗ್ಲಮ್ಮ, ಹಿಂದೆ ಜನ ಕಾಯ್ತಿದೀವಿ!" ಎಂದು ಯಾರೋ ಕೂಗಿದರು.

"ಇರ್ರೀ ಒಂದು ನಿಮಿಷ!" ಎಂದು ಬಹೀಜಾ ತಿರುಗಿ ನೋಡದೆ ಅವರ ಮೇಲೆ ರೇಗಿದಳು.